ಜೈಲಿನೊಳಗಿನ ಹಕ್ಕುಗಳ ಉಲ್ಲಂಘನೆಯನ್ನು ನ್ಯಾಯಾಲಯದ ಮುಂದಿಡುವುದು ಹೇಗೆ?

ನ್ಯಾಯಾಲಯ ವಿಧಿಸುವುದು ಸೆರೆವಾಸವನ್ನಷ್ಟೇ. ಏಟು, ಹಸಿವು, ಔಷಧಿಯ ನಿರಾಕರಣೆ ಯಾವ ತೀರ್ಪಿನಲ್ಲೂ ಇರುವುದಿಲ್ಲ. ತಿಹಾರ್ ಜೈಲಿನಲ್ಲಿದ್ದ ಸುನಿಲ್ ಬಾತ್ರಾ, ಸಹಕೈದಿಯ ಮೇಲೆ ವಾರ್ಡರ್ (ಜೈಲಿನ ಕಾವಲುಗಾರ) ನಡೆಸಿದ ಚಿತ್ರಹಿಂಸೆಯನ್ನು ವಿವರಿಸಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೊಬ್ಬರಿಗೆ ಪತ್ರ ಬರೆದಾಗ, ನ್ಯಾಯಾಲಯವು ಆ ಪತ್ರವನ್ನೇ ಹೇಬಿಯಸ್ ಕಾರ್ಪಸ್ (ಬಂಧನದಲ್ಲಿರುವವರ ರಕ್ಷಣೆ ಕೋರುವ) ಅರ್ಜಿಯೆಂದು ಪರಿಗಣಿಸಿ 1979ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿತು. ಆದ್ದರಿಂದ ವಕೀಲರು ಸಿಗುವವರೆಗೆ ಕಾಯುತ್ತ ಕೂರಬೇಕಿಲ್ಲ.

ಆದರೆ ಪತ್ರದಲ್ಲಿ ಏನಿರುತ್ತದೆ ಎಂಬುದೇ ಮುಖ್ಯ. ‘ಸರಿಯಾದ ಚಿಕಿತ್ಸೆ ಕೊಡುತ್ತಿಲ್ಲ’ ಎಂಬ ಸಾಲನ್ನು ಜೈಲಿನವರು ಒಂದೇ ಮಾತಿನಲ್ಲಿ ಅಲ್ಲಗಳೆಯಬಹುದು. ಇನ್ಸುಲಿನ್ ಯಾವ ದಿನದಿಂದ ಯಾವ ದಿನದವರೆಗೆ ಸಿಗಲಿಲ್ಲ, ಯಾವ ಬ್ಯಾರಕ್, ಯಾರನ್ನು ಕೇಳಿದಿರಿ, ಅವರು ಏನೆಂದರು, ಕಂಡವರು ಯಾರು ಎಂದು ಬರೆದರೆ ಆಸ್ಪತ್ರೆಯ ರಿಜಿಸ್ಟರನ್ನು ತರಿಸಿ ನೋಡಲು ನ್ಯಾಯಾಧೀಶರಿಗೆ ಆಧಾರ ಸಿಗುತ್ತದೆ. ಮನೆಯವರು ಪ್ರತಿ ಭೇಟಿಯ ನಂತರ ಕೇಳಿದ್ದನ್ನೂ ಕಂಡದ್ದನ್ನೂ ಅದೇ ದಿನ ದಿನಾಂಕ ಸಹಿತ ಬರೆದಿಡಬೇಕು. ಜೈಲಿನ ಅಧೀಕ್ಷಕರಿಗೆ ಕೊಟ್ಟ ದೂರಿನ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ನಿರಾಕರಿಸಿದರೆ, ತಲುಪಿದ್ದಕ್ಕೆ ಪುರಾವೆ ಸಿಗುವಂತೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ.

ಹಲ್ಲೆಯಾಗಿದ್ದರೆ ತಡಮಾಡಬಾರದು, ಏಕೆಂದರೆ ಗಾಯ ಮಾಯುತ್ತದೆ, ಸಿಸಿಟಿವಿ ದೃಶ್ಯ ಅಳಿಸಿಹೋಗುತ್ತದೆ. ವಿಚಾರಣಾಧೀನ ಕೈದಿಯು ಮುಂದಿನ ಹಾಜರಾತಿಯಲ್ಲೇ ಮ್ಯಾಜಿಸ್ಟ್ರೇಟರಿಗೆ ಗಾಯ ತೋರಿಸಿ, ವೈದ್ಯಕೀಯ ತಪಾಸಣೆ ಕೋರಿ, ಅದನ್ನು ಆದೇಶಪತ್ರದಲ್ಲಿ ದಾಖಲಿಸುವಂತೆ ಕೇಳಿಕೊಳ್ಳಬೇಕು. ವಿಡಿಯೋ ಮೂಲಕ ಹಾಜರುಪಡಿಸುವಾಗ ಸಿಬ್ಬಂದಿ ಪಕ್ಕದಲ್ಲೇ ನಿಂತಿದ್ದರೆ ಬಾಯಿ ಬಿಡುವುದು ಸುಲಭವಲ್ಲ. ಅಂಥ ಸಂದರ್ಭದಲ್ಲಿ ಖುದ್ದು ಹಾಜರುಪಡಿಸುವಂತೆ ವಕೀಲರು ಅರ್ಜಿ ಹಾಕುವುದು ಒಳ್ಳೆಯದು.

1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗಬೇಕು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಿ, ಇಲ್ಲವೇ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ.

ಇಷ್ಟಾದರೂ ಸರಿಹೋಗದಿದ್ದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ (ಹಕ್ಕಿನ ರಕ್ಷಣೆಗೆ ಸರ್ಕಾರಿ ಅಧಿಕಾರಿಗಳಿಗೆ ಆದೇಶ ಕೋರುವ ಅರ್ಜಿ) ಸಲ್ಲಿಸಬಹುದು. ಕರ್ನಾಟಕದಲ್ಲಿ ಬೆಂಗಳೂರು, ಧಾರವಾಡ, ಕಲಬುರಗಿಗಳಲ್ಲಿ ಪೀಠಗಳಿವೆ. ಬರೀ ‘ನ್ಯಾಯ ಕೊಡಿಸಿ’ ಎನ್ನದೆ, ಇಂಥ ಆಸ್ಪತ್ರೆಗೆ ಸೇರಿಸಬೇಕು, ಇಂಥ ದಿನದ ದೃಶ್ಯಾವಳಿಯನ್ನು ಕಾಯ್ದಿಡಬೇಕು ಎಂದು ಸ್ಪಷ್ಟವಾಗಿ ಕೇಳಿ. ಜಾತಿ ನೋಡಿ ಶೌಚಾಲಯ ಶುಚಿಗೊಳಿಸುವ ಕೆಲಸ ಹಚ್ಚಿದ್ದರೆ, ಅಂಥ ಹಂಚಿಕೆ ಅಸಾಂವಿಧಾನಿಕವೆಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್ 3ರಂದು ಹೇಳಿರುವುದನ್ನು ಉಲ್ಲೇಖಿಸಿ. ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳುವ ಭಯವಿದ್ದರೆ, ರಕ್ಷಣೆ ಅಥವಾ ಬೇರೆ ಜೈಲಿಗೆ ವರ್ಗಾವಣೆ ಕೋರುವ ಮಧ್ಯಂತರ (ಅಂತಿಮ ತೀರ್ಪಿಗೆ ಮುನ್ನವೇ ಆದೇಶ ಕೇಳುವ) ಅರ್ಜಿಯನ್ನೂ ಜೊತೆಗೇ ಸಲ್ಲಿಸಿ.