40 ಸೆಕೆಂಡಿಗೇ ಸೋತ ಕಂಪ್ರೆಸರ್

ಉಡುಪಿಯ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ರಜೆ ಸಿಕ್ಕಾಗೆಲ್ಲ ಮರಗೆಲಸ ಮಾಡುತ್ತೇನೆ. ಸ್ಟೂಲು, ಶೆಲ್ಫಿಗೆಲ್ಲ ಬಟ್ಟೆಯಲ್ಲೇ ಪಾಲಿಶ್ ಹಚ್ಚುತ್ತಿದ್ದೆ. ದೇವರ ಕೋಣೆಗೆ ಹಲಸಿನ ಮರದ ಬಾಗಿಲು ಮಾಡಿದಾಗ ಮಾತ್ರ ಮರಕ್ಕೆ ಹೊಳಪು ಕೊಡುವ ಲ್ಯಾಕರನ್ನು ಸ್ಪ್ರೇ ಗನ್ನಿನಲ್ಲೇ ಹೊಡೆಯಬೇಕು ಅನ್ನಿಸಿತು. ಗನ್ನಿಗೆ ಗಾಳಿ ಒತ್ತಿ ಕೊಡಲು 1 ಎಚ್‌ಪಿಯ, 24 ಲೀಟರ್ ಟ್ಯಾಂಕಿನ ಆಯಿಲ್ ಬೇಡದ ಕಂಪ್ರೆಸರ್ ತಂದೆ. ಮೀಟರ್ 8 ಬಾರ್ ಒತ್ತಡ ತೋರಿಸುತ್ತಿತ್ತಲ್ಲ, ಸಾಕು ಅಂದುಕೊಂಡೆ.

ಬಾಗಿಲಿನ ಮೇಲ್ಭಾಗ ಚೆನ್ನಾಗಿಯೇ ಬಂತು. ಕೈ ನಡುವಿಗೆ ಬರುವಷ್ಟರಲ್ಲಿ ಗನ್ನಿನ ಸದ್ದು ಬದಲಾಯಿತು. ಮಂಜಿನ ಹಾಗೆ ಬರುತ್ತಿದ್ದ ಲ್ಯಾಕರ್ ಹನಿಹನಿಯಾಗಿ ಸಿಡಿಯತೊಡಗಿತು. ಒಣಗಿದ ಮೇಲೆ ಸವರಿದರೆ ಕಿತ್ತಳೆ ಸಿಪ್ಪೆ ಮುಟ್ಟಿದ ಹಾಗಿತ್ತು. ಅಷ್ಟನ್ನೂ ಉಜ್ಜಿ ತೆಗೆಯಲು ಎರಡು ಸಂಜೆ ಹಿಡಿಯಿತು.

ಆಮೇಲೆ ಕೂತು ಲೆಕ್ಕ ಹಾಕಿದೆ. ನನ್ನ ಗನ್ನಿಗೆ 8 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಬೇಕು, ಅಂದರೆ ನಿಮಿಷಕ್ಕೆ ಸುಮಾರು 226 ಲೀಟರ್ ಗಾಳಿ. ಆ ಪಂಪ್ ಕೊಡುತ್ತಿದ್ದದ್ದು 3 ಸಿಎಫ್‌ಎಂ, ಸುಮಾರು 85 ಲೀಟರ್. ಉಳಿದ 141 ಲೀಟರ್ ಟ್ಯಾಂಕೇ ಕೊಡಬೇಕು. 24 ಲೀಟರ್ ಟ್ಯಾಂಕ್ 8 ಬಾರಿನಿಂದ 4ಕ್ಕೆ ಇಳಿಯುವಾಗ ಸಿಗುವುದು ಹೆಚ್ಚುಕಮ್ಮಿ 96 ಲೀಟರ್. 40 ಸೆಕೆಂಡಿಗೆ ಖಾಲಿ!

ಎರಡನೇ ಸಲ ಅಂಗಡಿಯಲ್ಲಿ ಎಚ್‌ಪಿ ಕೇಳಲೇ ಇಲ್ಲ, ಎಫ್‌ಎಡಿ (ಫ್ರೀ ಏರ್ ಡೆಲಿವರಿ) ಎಷ್ಟು ಅಂತ ಕೇಳಿದೆ. ಸ್ಟಿಕರ್ ಮೇಲೆ ಇರುವ ಸಿಎಫ್‌ಎಂ ಎಷ್ಟೋ ಸಲ ಪಿಸ್ಟನ್ ಒಳಗೆ ಎಳೆದುಕೊಳ್ಳುವ ಗಾಳಿಯ ಲೆಕ್ಕ. ಪೈಪಿಗೆ ನಿಜವಾಗಿ ಬರುವುದು ಅದಕ್ಕಿಂತ ಕಡಿಮೆ, ಅದೇ ಎಫ್‌ಎಡಿ. ನಾನು ತಂದದ್ದು ಬೆಲ್ಟ್ ಇರುವ, ಆಯಿಲ್ ಹಾಕುವ, 2 ಎಚ್‌ಪಿಯ ಸಿಂಗಲ್ ಫೇಸ್ ಮಷಿನ್. ಎಫ್‌ಎಡಿ 6 ಸಿಎಫ್‌ಎಂ, ಟ್ಯಾಂಕ್ 100 ಲೀಟರ್. ಅದೇ ಲೆಕ್ಕ ಹಾಕಿದರೆ ಏಳು ನಿಮಿಷ ಸಿಗುತ್ತದೆ. ಬಾಗಿಲಿನ ಒಂದು ಬದಿಗೆ ನನಗೆ ನಾಲ್ಕು ನಿಮಿಷ ಸಾಕು. ಹಳೆಯದರಷ್ಟು ಕಿರುಚುವುದೂ ಇಲ್ಲ. ಸುಮ್ನೆ ಧೂಳು ಊದಲು, ಸಣ್ಣ ಮೊಳೆ ಹೊಡೆಯುವ ಗನ್ನಿಗೆ, ಬೈಕಿನ ಟೈರಿಗೆ ಆದರೆ ಇಷ್ಟು ದೊಡ್ಡದು ಬೇಡ. ಆ ಕೆಲಸಕ್ಕೆ ನನ್ನ ಹಳೆಯದೇ ಈಗಲೂ ಇದೆ.

ವೈರಿಂಗ್ ವಿಷಯ ಮರೆತಿದ್ದೆ. ಮೋಟಾರ್ ಸ್ಟಾರ್ಟ್ ಆಗುವಾಗ ಕರೆಂಟ್ ತುಂಬಾ ಜಾಸ್ತಿ ಎಳೆಯುತ್ತದೆ. ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದರೆ ತಿರುಗಲೇ ಇಲ್ಲ, ಗುಂಯ್ ಅಂದಿತು. ತಕ್ಷಣ ಆಫ್ ಮಾಡಿ ಎಲೆಕ್ಟ್ರಿಷಿಯನ್ನರನ್ನು ಕರೆದೆ. ಅವರು ಮೇನ್ ಬೋರ್ಡಿನಿಂದಲೇ 4 ಸ್ಕ್ವೇರ್ ಎಂಎಂ ವೈರ್ ಎಳೆದು 16 ಆಂಪ್ ಪಾಯಿಂಟ್ ಕೊಟ್ಟರು.

ಕರಾವಳಿಯವರಿಗೆ ಇನ್ನೊಂದು ಮಾತು. ನಮ್ಮ ಗಾಳಿಯಲ್ಲಿ ತೇವ ಜಾಸ್ತಿ ಅಲ್ವಾ, ಗಾಳಿಯನ್ನು ಒತ್ತಿ ತುಂಬಿದಾಗ ಅದು ಟ್ಯಾಂಕಿನ ತಳದಲ್ಲಿ ನೀರಾಗಿ ನಿಲ್ಲುತ್ತದೆ. ಕೆಲಸ ಮುಗಿದ ಮೇಲೆ ಕೆಳಗಿನ ಡ್ರೈನ್ ವಾಲ್ವ್ ತೆರೆಯುತ್ತೇನೆ. ಜುಲೈನಲ್ಲಿ ಒಂದು ಸಂಜೆ ಅರ್ಧ ಲೋಟ ಬಂತು, ತುಕ್ಕಿನ ಬಣ್ಣದ್ದು. ಪೈಪಿಗೆ ನೀರು ಬೇರ್ಪಡಿಸುವ ಫಿಲ್ಟರ್ ಹಾಕಿದ್ದೇನೆ. ಆದರೂ ಸುರಿಯುವ ಮಳೆಯಲ್ಲಿ ಲ್ಯಾಕರ್ ಹೊಡೆದರೆ ಹೊರಗಿನ ತೇವಕ್ಕೇ ಮೇಲೆ ಬಿಳಿ ಮಬ್ಬು ಬರುತ್ತದೆ. ಬಾಗಿಲಿಗೆ ಕೊನೆಯ ಕೋಟ್ ಬಾಕಿ ಇದೆ. ಒಳ್ಳೆಯ ಬಿಸಿಲಿನ ದಿನಕ್ಕೆ ಕಾಯುತ್ತಿದ್ದೇನೆ.