ಪರ್ಫಾರ್ಮೆನ್ಸ್ ಕಾರಿಗೆ ಕಡಿಮೆ ಖರ್ಚಿನ ಟೈರ್: ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು

ಹೊಸ ಟೈರ್ ಹುಡುಕುವ ಮುಂಚೆ ಹಳೆಯದನ್ನು ಸರಿಯಾಗಿ ನೋಡಿ. ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿದರೆ ಮುಂದಿನ ಟೈರಿನ ಒಳಅಂಚು ಕಾಣುತ್ತದೆ. ರಸ್ತೆಗೆ ತಾಗುವ ಟ್ರೆಡ್ ಮೇಲೆ ಅಂಗೈಯನ್ನು ಹೊರಗಿನಿಂದ ಒಳಕ್ಕೆ ಒಮ್ಮೆ, ಒಳಗಿನಿಂದ ಹೊರಕ್ಕೆ ಒಮ್ಮೆ ಸವರಿ. ಒಂದು ದಿಕ್ಕಿಗೆ ನುಣುಪಾಗಿ ಜಾರಿ, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನ ಹಾಗೆ ತಾಗಿದರೆ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಕೆಟ್ಟಿದೆ ಎಂದು ಅರ್ಥ. ಇಂಥ ಕಾರುಗಳಿಗೆ ಸಾಮಾನ್ಯವಾಗಿ ಕಾರ್ಖಾನೆಯಲ್ಲೇ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವುದು) ಕೊಟ್ಟಿರುತ್ತಾರೆ. ಒಳಅಂಚು ಸವೆದಾಗ ಎಲ್ಲರೂ ಅದನ್ನೇ ದೂರುತ್ತಾರೆ. ಆದರೆ ಕ್ಯಾಂಬರ್ ಭಾರವನ್ನು ಒಳಅಂಚಿಗೆ ತರುತ್ತದೆ ಅಷ್ಟೇ, ಆ ಅಂಚನ್ನು ರಸ್ತೆಗೆ ಉಜ್ಜಿ ಉಜ್ಜಿ ತಿನ್ನುವುದು ಟೋ. ಇದನ್ನು ಸರಿಪಡಿಸದೆ ಹಾಕಿದ ಟೈರ್ ಎಷ್ಟು ಅಗ್ಗದ್ದಾದರೂ ಕೊನೆಗೆ ದುಬಾರಿಯೇ.

ಇನ್ನು ಅಳತೆ. 245/40 ಝಡ್‌ಆರ್ 18 97ವೈ ಎಕ್ಸ್‌ಎಲ್ ಎಂದಿದ್ದರೆ, ಅಗಲ 245 ಮಿಲಿಮೀಟರ್, ಪಕ್ಕಗೋಡೆಯ ಎತ್ತರ ಅದರ ಶೇ. 40, ರಿಮ್ 18 ಇಂಚು. 97 ಎಂದರೆ ಒಂದು ಟೈರ್ 730 ಕಿಲೋ ಹೊರಬಲ್ಲದು, ವೈ ಎಂದರೆ ಗಂಟೆಗೆ 300 ಕಿಲೋಮೀಟರ್ ವೇಗದವರೆಗೆ ತಡೆಯಬಲ್ಲದು. ಝಡ್‌ಆರ್ ಹೆಚ್ಚು ವೇಗದ ರೇಡಿಯಲ್ ಟೈರಿನ ಗುರುತು, ಎಕ್ಸ್‌ಎಲ್ ಎಂದರೆ ಹೆಚ್ಚು ಭಾರ ಹೊರುವಂತೆ ಮಾಡಿದ್ದು. ಅದೇ ಅಳತೆಯಲ್ಲಿ ಎಕ್ಸ್‌ಎಲ್ ಅಲ್ಲದ 93ರ ಟೈರ್ ಕಡಿಮೆ ಬೆಲೆಗೆ ಸಿಕ್ಕಿತೆಂದು ಕೊಳ್ಳಬೇಡಿ. ಅದರ ಮಿತಿ 650 ಕಿಲೋ. ಕಾರು ಭಾರವಾಗಿದ್ದರೆ ಪಕ್ಕಗೋಡೆ ಹೆಚ್ಚು ಬಾಗಿ ಬಿಸಿಯಾಗುತ್ತದೆ. ವೇಗದ ಅಕ್ಷರವೂ ಹಾಗೆಯೇ. 300ರಲ್ಲಿ ಯಾರೂ ಓಡಿಸುವುದಿಲ್ಲ, ನಿಜ. ಆದರೆ ಆ ಅಕ್ಷರ ಬಿಸಿ ತಡೆಯುವ ರಚನೆಯನ್ನೂ ಹೇಳುತ್ತದೆ. ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕರ್ ಅಥವಾ ಕಾರಿನ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಕೆಳಗಿಳಿಯಬೇಡಿ.

ದೊಡ್ಡ ಉಳಿತಾಯ ಇರುವುದು ರಿಮ್ ಅಳತೆಯಲ್ಲಿ, ಇದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. 245/40 ಆರ್ 18ರ ಹೊರವ್ಯಾಸ ಸುಮಾರು 653 ಮಿಲಿಮೀಟರ್, 245/45 ಆರ್ 17ರದ್ದು ಸುಮಾರು 652. ಸ್ಪೀಡೋಮೀಟರ್‌ಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. 17 ಇಂಚಿನ ಟೈರ್ ಸಾಮಾನ್ಯವಾಗಿ ಅಗ್ಗ, ಹಳ್ಳ ಸಿಕ್ಕಿದಾಗ ರಿಮ್ ಉಳಿಯುವ ಸಾಧ್ಯತೆಯೂ ಹೆಚ್ಚು. ಅಡ್ಡಿಯಾಗುವುದು ರಿಮ್ಮಿನ ಒಳಗೆ ಡಿಸ್ಕನ್ನು ಅದುಮಿ ಹಿಡಿಯುವ ಬ್ರೇಕ್ ಕ್ಯಾಲಿಪರ್. ಅದೇ ಕಾರಿನ ಕೆಳ ಮಾದರಿಗೆ 17 ಇಂಚು ಬರುತ್ತದೆ ಎಂಬುದು ಸಾಕ್ಷಿಯಲ್ಲ, ಅದರ ಬ್ರೇಕ್ ಚಿಕ್ಕದಿರಬಹುದು. ಟೈರ್ ಹಾಕದ ಖಾಲಿ ರಿಮ್ಮನ್ನು ನಟ್ ಬಿಗಿದು ಕೈಯಲ್ಲಿ ಒಂದು ಪೂರ್ತಿ ಸುತ್ತು ತಿರುಗಿಸಿ ನೋಡಿ. ಎಲ್ಲೂ ತಾಗದೆ, ಕೆಲವು ಮಿಲಿಮೀಟರ್ ಜಾಗ ಉಳಿದರೆ ಮಾತ್ರ ಟೈರ್ ಕೊಳ್ಳಿ.

ಬ್ರ್ಯಾಂಡ್ ವಿಷಯದಲ್ಲಿ ಒಂದು ಮೆಟ್ಟಿಲು ಇಳಿದರೆ ಸಾಕು, ತಳಕ್ಕೇ ಇಳಿಯಬೇಡಿ. ಮಿಶೆಲಿನ್ ಪೈಲಟ್ ಸ್ಪೋರ್ಟ್, ಕಾಂಟಿನೆಂಟಲ್ ಸ್ಪೋರ್ಟ್‌ಕಾಂಟ್ಯಾಕ್ಟ್ ಮೇಲಿನ ಸಾಲಿನವು. ಅವುಗಳ ಕೆಳಗೆ ಹ್ಯಾಂಕೂಕ್ ವೆಂಟಸ್, ಕುಮ್ಹೋ ಎಕ್ಸ್ಟಾ, ಫಾಲ್ಕನ್ ಅಝೆನಿಸ್ ಇವೆ. ಬ್ರಿಜ್‌ಸ್ಟೋನ್ ಒಡೆತನದ ಫೈರ್‌ಸ್ಟೋನ್, ಕಾಂಟಿನೆಂಟಲ್ ಒಡೆತನದ ಜನರಲ್ ಹೆಸರಲ್ಲೂ ಈ ಸಾಲಿನ ಟೈರ್ ಸಿಗುತ್ತದೆ. ಹೆಸರೇ ಕೇಳದ ಟೈರುಗಳಲ್ಲಿ ಒಣ ರಸ್ತೆಯ ಹಿಡಿತ ಪರವಾಗಿಲ್ಲ ಅನ್ನಿಸಬಹುದು. ಬಣ್ಣ ಬಯಲಾಗುವುದು ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ.

ಹಾಗಾಗಿ ಯುರೋಪಿನ ಲೇಬಲ್ ಇದ್ದರೆ ಮೊದಲು ಒದ್ದೆ ಹಿಡಿತದ ಅಕ್ಷರ ನೋಡಿ. ಎ ಅಥವಾ ಬಿ ಇರಲಿ. ಟೈರ್ ಎಷ್ಟು ನಿಧಾನವಾಗಿ ಸವೆಯುತ್ತದೆ ಎಂದು ಹೇಳುವ ಅಮೆರಿಕದ ಟ್ರೆಡ್‌ವೇರ್ ಸಂಖ್ಯೆಯನ್ನು ಸ್ವಲ್ಪ ಅನುಮಾನದಿಂದಲೇ ಓದಿ. ಅದನ್ನು ಕೊಟ್ಟುಕೊಳ್ಳುವುದು ತಯಾರಕರೇ, ಒಂದು ಕಂಪನಿಯ 300 ಇನ್ನೊಂದರ 300ಕ್ಕೆ ಸಮ ಅಲ್ಲ. ಆದರೂ ಅಂದಾಜಿಗೆ ಸಾಕು: 200ರದ್ದು ಚೆನ್ನಾಗಿ ಕಚ್ಚಿ ಹಿಡಿದು ಬೇಗ ಸವೆಯುತ್ತದೆ, 300ರ ಆಸುಪಾಸಿನದ್ದು ದಿನದ ಓಡಾಟಕ್ಕೆ ಹದ, 500 ದಾಟಿದ್ದು ಬಹಳ ಬಾಳುತ್ತದೆ ಆದರೆ ಇಂಥ ಕಾರಿಗೆ ಮಂದ. ಬೆಲೆಯನ್ನು ನಿರೀಕ್ಷಿತ ಕಿಲೋಮೀಟರ್‌ಗಳಿಂದ ಭಾಗಿಸಿ ಹೋಲಿಸಿದರೆ ಅಗ್ಗದ್ದು ಎಷ್ಟೋ ಸಲ ಅಗ್ಗವಾಗಿ ಉಳಿಯುವುದಿಲ್ಲ. ತಾಪಮಾನ 7 ಡಿಗ್ರಿಗಿಂತ ಕೆಳಗಿಳಿಯುವ ಕಡೆ ಬೇಸಿಗೆ ಟೈರಿನ ರಬ್ಬರ್ ಗಟ್ಟಿಯಾಗುತ್ತದೆ, ಅದನ್ನೂ ಲೆಕ್ಕಕ್ಕೆ ತನ್ನಿ.

ಎರಡೇ ಟೈರ್ ಹಾಕಿಸುವುದಾದರೆ ಹೊಸವು ಹಿಂದಕ್ಕೆ. ಮಳೆಯಲ್ಲಿ ಮುಂಭಾಗ ಜಾರಿದರೆ ಆಕ್ಸಿಲರೇಟರ್ ಬಿಟ್ಟು ಸಂಭಾಳಿಸಬಹುದು, ಹಿಂಭಾಗ ಜಾರಿದರೆ ಕಾರೇ ತಿರುಗಿಬಿಡುತ್ತದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರಿನಲ್ಲಿ ಈ ಜಾಣತನ ನಡೆಯದು. ಟ್ರೆಡ್ ಆಳದಲ್ಲಿ 2 ಮಿಲಿಮೀಟರ್ ವ್ಯತ್ಯಾಸವಿದ್ದರೆ ಸುತ್ತಳತೆಯಲ್ಲಿ 12 ಮಿಲಿಮೀಟರಿಗೂ ಹೆಚ್ಚು ವ್ಯತ್ಯಾಸ ಬೀಳುತ್ತದೆ. ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಮಧ್ಯದ ಡಿಫರೆನ್ಷಿಯಲ್ ಬಿಡುವಿಲ್ಲದೆ ಅದನ್ನು ಸರಿದೂಗಿಸುತ್ತಾ ಬಿಸಿಯಾಗುತ್ತದೆ. ಹಿಂದೆ ಮುಂದೆ ಬೇರೆ ಅಗಲದ ಟೈರ್ ಇರುವ ಕಾರಾದರೆ, ನೀವು ಆರಿಸಿದ ಮಾದರಿ ಎರಡೂ ಅಳತೆಯಲ್ಲಿ ತಯಾರಾಗುತ್ತಿದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಹಿಂದಿನವು ಸವೆದಾಗ ಜೋಡಿ ಸಿಗದೆ ನಾಲ್ಕನ್ನೂ ಬದಲಿಸಬೇಕಾದೀತು.

ರನ್‌ಫ್ಲ್ಯಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟೈರ್) ಬಿಟ್ಟು ಸಾಮಾನ್ಯ ಟೈರಿಗೆ ಬಂದರೆ ಖರ್ಚು ತಗ್ಗುತ್ತದೆ, ಸವಾರಿಯೂ ಮೆತ್ತಗಾಗುತ್ತದೆ. ಆದರೆ ಸ್ಟೆಪ್ನಿ ಇಲ್ಲದ ಕಾರಿನಲ್ಲಿ ಸೀಲಂಟ್ ಮತ್ತು ಕಂಪ್ರೆಸರ್ ಇಟ್ಟುಕೊಳ್ಳಿ. ಪಕ್ಕಗೋಡೆ ಹರಿದರೆ ಸೀಲಂಟ್ ಕೆಲಸಕ್ಕೆ ಬಾರದು.

ರಿಯಾಯಿತಿಯಲ್ಲಿ ಸಿಗುವ ಟೈರಿನ ಡಾಟ್ (DOT) ಸಂಕೇತದ ಕೊನೆಯ ನಾಲ್ಕು ಅಂಕಿ ಓದಿ: 2324 ಎಂದರೆ 2024ರ 23ನೇ ವಾರ ತಯಾರಾದದ್ದು. ಈ ಅಂಕಿ ಪಕ್ಕಗೋಡೆಯ ಒಂದೇ ಬದಿಯಲ್ಲಿ ಇರಬಹುದು, ಆದ್ದರಿಂದ ಫಿಟ್ ಮಾಡುವ ಮುಂಚೆಯೇ ನಾಲ್ಕನ್ನೂ ನೋಡಿ. ಬಳಸಿದ ಟೈರ್ ಬೇಡ. ಒಳಗೆ ಹಾಕಿದ ಪ್ಯಾಚ್, ಒಮ್ಮೆ ಗಾಳಿ ಇಲ್ಲದೆ ಓಡಿ ಜಜ್ಜಿದ ಪಕ್ಕಗೋಡೆ ಹೊರಗಿನಿಂದ ಕಾಣುವುದಿಲ್ಲ.

ಫಿಟ್ ಮಾಡುವಾಗ ‘ಔಟ್‌ಸೈಡ್’ ಎಂದು ಬರೆದ ಬದಿ ಹೊರಗಿದೆಯೇ, ತಿರುಗುವ ಬಾಣದ ಗುರುತು ಸರಿ ದಿಕ್ಕಿಗಿದೆಯೇ ನೋಡಿ. ಬ್ಯಾಲೆನ್ಸಿಂಗ್ ಮತ್ತು ಟೋ, ಕ್ಯಾಂಬರ್ ಸರಿಪಡಿಸುವ ಅಲೈನ್‌ಮೆಂಟ್ ಅದೇ ದಿನ ಮಾಡಿಸಿ, ಹಿಂದು-ಮುಂದು ಎರಡೂ ಆಕ್ಸಲ್‌ಗೆ. ಅಲೈನ್‌ಮೆಂಟ್ ಮುಂಚಿನ ಮತ್ತು ನಂತರದ ಅಳತೆಯ ಪ್ರಿಂಟ್ ಕೇಳಿ ಪಡೆಯಿರಿ. 80ರಿಂದ 100 ಕಿಲೋಮೀಟರ್ ಓಡಿದ ಮೇಲೆ ವೀಲ್ ನಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಮತ್ತೆ ನೋಡಿ. ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡು ಮೇಲ್ಮೈಯಲ್ಲಿ ಉಳಿದಿರುವುದರಿಂದ ಮೊದಲ 200 ಕಿಲೋಮೀಟರ್ ತಿರುವುಗಳಲ್ಲಿ ನಿಧಾನವಿರಲಿ, ಮಳೆಯಿದ್ದರೆ ಇನ್ನಷ್ಟು.