ತಾರೀಖು ಅಂದುಕೊಂಡಿದ್ದು ರೊಕ್ಕ ಆಗಿತ್ತು

ವಿಜಯಪುರ ಜಿಲ್ಲೆಯ ಒಂದು ಉಪಖಜಾನೆ. ಯಾವ ತಾಲ್ಲೂಕು ಅಂತ ಬೇಡ ಬಿಡಿ. ಅಲ್ಲಿನ ಹಳೇ ದಫ್ತರಗಳ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ಗಂಟುಗಳು ಸೂರಿನ ತನಕ. ಮೊದಲ ದಿನ ಬರೀ ಧೂಳು, ಕೆಮ್ಮು.

ಎರಡನೇ ದಿನ ಒಂದು ಕ್ಯಾಶ್ ಬುಕ್ ಬಿಚ್ಚಿದೆ. ಪುಟದ ಬಲಕ್ಕೆ 12-8-6, 7-4-3 ಅಂತ ಸಾಲಾಗಿ ಬರೆದಿತ್ತು. 1906ರ ಆಗಸ್ಟ್ 12 ಅಂದುಕೊಂಡೆ! ಇಷ್ಟು ಹಳೇದು ಸಿಕ್ತಲ್ಲ ಅನ್ನೋ ಖುಷಿಯಲ್ಲಿ ಹನ್ನೊಂದು ಪುಸ್ತಕಕ್ಕೆ ಅದೇ ಲೆಕ್ಕದಲ್ಲಿ ವರ್ಷ ಹಾಕಿಬಿಟ್ಟೆ. ಪಿಂಚಣಿ ಕೆಲಸಕ್ಕೆ ಬಂದಿದ್ದ ಹಿರಿಯರೊಬ್ಬರು ಇಣುಕಿ ನೋಡಿ ನಕ್ಕರು. “ತಮ್ಮಾ, ಅದು ತಾರೀಖು ಅಲ್ಲೋ, ರೊಕ್ಕ. ಹನ್ನೆರಡು ರೂಪಾಯಿ, ಎಂಟಾಣೆ, ಆರು ಪೈ.”

ಸರಿಯಾಗಿ ನೋಡಿದ್ದರೆ ನನಗೇ ಗೊತ್ತಾಗುತ್ತಿತ್ತು. ನಡುವಿನ ಮನೆಯಲ್ಲಿ 13, 14, 15 ಕೂಡ ಇದ್ದವು. ಹದಿನೈದನೇ ತಿಂಗಳು ಎಲ್ಲಿಂದ ಬರಬೇಕು? ಕೊನೇ ಮನೆ 11 ದಾಟಿರಲಿಲ್ಲ. 12 ಪೈ ಆದರೆ ಒಂದಾಣೆ, 16 ಆಣೆ ಆದರೆ ರೂಪಾಯಿ. ಅವರು ಅಲ್ಲೇ ಕೂಡಿಸಿ ತೋರಿಸಿದರು: 4-11-9ಕ್ಕೆ 3-7-6 ಸೇರಿಸಿದರೆ 8-3-3. ನಾನು ಮೂರು ಸಲ ತಪ್ಪಿದೆ.

ಆಮೇಲೆ ವರ್ಷ ಹಿಡಿಯೋಕೆ ಬೇರೆ ಗುರುತು ಹುಡುಕಿದೆ. ಈ ಭಾಗ 1956ರ ನವೆಂಬರ್ 1ರ ತನಕ ಮುಂಬೈ ರಾಜ್ಯದಲ್ಲಿತ್ತು, ಅಲ್ವಾ? ಅಚ್ಚಾದ ಫಾರಂ ಸುಮ್ನೆ ಎಸೆಯೋದು ಯಾಕೆ ಅಂತ ‘ಮುಂಬೈ’ ಹೊಡೆದು ಮೇಲೆ ‘ಮೈಸೂರು’ ಅಂತ ಕೈಯಲ್ಲೇ ಬರೆದಿದ್ದಾರೆ. ಅಂಥ ಹಾಳೆ ಕಂಡರೆ ನವೆಂಬರ್ ಈಚೆಯದು. ನಯಾಪೈಸೆ, ಅಂದರೆ ರೂಪಾಯಿಗೆ ನೂರರ ಲೆಕ್ಕದ ಹೊಸ ಪೈಸೆ, ಕಂಡರೆ 1957ರ ಏಪ್ರಿಲ್ 1ರ ಈಚೆಯದು. ಮರಾಠಿ ಬರೆಯೋಕೆ ಬಳಸುತ್ತಿದ್ದ ಹಳೇ ಮೋಡಿ ಲಿಪಿಯವು ನನಗೆ ಓದೋಕೆ ಬರಲಿಲ್ಲ, ಬೇರೆ ಕಟ್ಟಿಟ್ಟೆ. ಹರಿದ ಹಾಳೆಗೆ ಟೇಪ್ ಮಾತ್ರ ಹಚ್ಚಬೇಡಿ. ಅದರ ಅಂಟು ಹಳದಿಯಾಗಿ ಕಾಗದ ಇನ್ನೂ ಜಾಸ್ತಿ ಕೆಡುತ್ತದೆ.

ನನಗೆ ಬಹಳ ಹಿಡಿಸಿದ್ದು 1957ರ ಒಂದು ಪುಸ್ತಕ. ಹಿಂದಿನ ರಟ್ಟಿನ ಒಳಗೆ ಗುಮಾಸ್ತರು ಚೀಟಿ ಅಂಟಿಸಿಕೊಂಡಿದ್ದಾರೆ: ಒಂದಾಣೆಗೆ 6 ನಯಾಪೈಸೆ, ಎರಡಕ್ಕೆ 12, ಮೂರಕ್ಕೆ 19, ನಾಲ್ಕಕ್ಕೆ 25. ಮೂರಾಣೆ ಅಂದರೆ ಹದಿನೆಂಟೂಮುಕ್ಕಾಲು ಪೈಸೆ. ಕಾಲು ಪೈಸೆ ಎಲ್ಲಿಂದ ತರೋದು? ಆ 19ರ ಸುತ್ತ ಪೆನ್ಸಿಲಿನಲ್ಲಿ ಸುತ್ತು ಹಾಕಿ ಹಾಕಿ ಕಾಗದ ಸವೆದಿದೆ. ಪಾಪ, ಅವರೂ ಅಲ್ಲೇ ಎಡವುತ್ತಿದ್ದರೋ ಏನೋ.

ನನ್ನ ಹನ್ನೊಂದು ಪುಸ್ತಕದ ಪಟ್ಟಿ ಹೊಸದಾಗಿ ಬರೆದೆ. ಈ ಸಲ ಪೆನ್ಸಿಲಿನಲ್ಲಿ.